ನಮ್ಮ ವೈಫೈಯಲ್ಲಿ ಹೆಸರಿಲ್ಲದ ಫೋನು

ಜೂನ್ 4, ಬೆಳಿಗ್ಗೆ

ನಿನ್ನೆ ಮತ್ತೆ ಅದೇ ಗೋಳು. ಡ್ಯೂಟಿಯ ಮಧ್ಯೆ ಹೆಂಡತಿಯ ಫೋನು — ನೆಟ್ ಹೋಗಿದೆ ಅಂತ. ಬೀದಿಗೆ ಬಂದು ಮಾಡಿದ್ದಳು. ನಮ್ಮ ಮನೆಯೊಳಗೆ ಸಿಗ್ನಲ್ ಅನ್ನುವುದೇ ಇಲ್ಲ. ಮಾತಾಡುವುದಕ್ಕೂ ವೈಫೈಯೇ ಗತಿ. ರೌಟರ್ ಆಫ್ ಮಾಡಿ ಆನ್ ಮಾಡು ಅಂದರೆ, ಎಟುಕುವುದಿಲ್ಲ ಅಂದಳು. ಅಷ್ಟು ಎತ್ತರದಲ್ಲಿ ಇಟ್ಟವನು ನಾನೇ. ನಡೆಯಲಾಗದ ಅಮ್ಮನನ್ನು ಒಬ್ಬಳೇ ಬಿಟ್ಟು ಹೊರಗೆ ಓಡಬೇಕಲ್ಲ ಎಂಬುದು ಅವಳ ತಕರಾರು. ಅದೂ ಸರಿಯೇ.

ಇವತ್ತು ರಜೆ. ಏನಾದರೂ ಮಾಡಬೇಕು.

ಜೂನ್ 4, ಸಂಜೆ

ಆಯಿತು. ರಿಮೋಟ್ ಆಕ್ಸೆಸ್ ಹಾಕಿದೆ. ರೌಟರಿನ ಸೆಟ್ಟಿಂಗ್ಸ್ ಒಳಗೆ ಹೋಗಿ ಆನ್ ಮಾಡುವುದು, ಅಕೌಂಟ್ ತೆರೆಯುವುದು, ಅವಳ ಫೋನಿಗೆ ಬಂದ ಒಟಿಪಿ ಹೊಡೆಯುವುದು, ಅಷ್ಟೇ. ಸೆಟ್ಟಿಂಗ್ಸ್ ತೆರೆಯುವ ಪಾಸ್‌ವರ್ಡ್ ಕಂಪನಿಯವರು ಕೊಟ್ಟದ್ದೇ ಇತ್ತು. ಬೀಗ ಹಾಕಿ ಕೀಲಿ ಅದರಲ್ಲೇ ಬಿಟ್ಟ ಹಾಗೆ! ಉದ್ದದ್ದೊಂದು ಇಟ್ಟೆ. ಬಸ್‌ಸ್ಟಾಪಿನವರೆಗೂ ನಡೆದು ಹೋಗಿ, ಮೊಬೈಲ್ ಡೇಟಾದಲ್ಲಿ ತೆರೆದು ನೋಡಿದೆ. ತೆರೆಯಿತು. ಯಾವ ಫೋನು, ಯಾವ ಟಿವಿ ವೈಫೈಯಲ್ಲಿದೆ ಎಲ್ಲ ಕಾಣುತ್ತದೆ. ಅಲ್ಲಿಂದಲೇ ರೀಸ್ಟಾರ್ಟ್ ಕೂಡ ಮಾಡಬಹುದು, ಬೇಕಾದರೆ ನೆಟ್ ನಿಲ್ಲಿಸಲೂಬಹುದು.

"ಇನ್ಮೇಲೆ ಆಫೀಸಲ್ಲಿ ಕೂತೇ ಸಂಸಾರ ಮಾಡ್ತೀರಾ ಅನ್ನಿ" ಅಂದಳು. ನಕ್ಕೆ.

ಜೂನ್ 10

ದೂರದಲ್ಲಿ ಕೂತು ನೋಡುವುದೇ ನನ್ನ ಕೆಲಸ. ಊರಿನ ಲಿಫ್ಟುಗಳೆಲ್ಲ ನಮ್ಮ ಕಂಟ್ರೋಲ್ ರೂಮಿನ ಪರದೆಯ ಮೇಲೆ. ಯಾವ ಕಟ್ಟಡದಲ್ಲಿ ಬಾಗಿಲು ತೆರೆದೇ ನಿಂತಿದೆ, ಯಾವುದು ಮಹಡಿಗಳ ಮಧ್ಯೆ ಸಿಕ್ಕಿಕೊಂಡಿದೆ, ಕೂತಲ್ಲೇ ಗೊತ್ತಾಗುತ್ತದೆ. ಇವತ್ತು ಊಟದ ಮೇಲೆ ಬಿಡುವಿತ್ತು, ಸುಮ್ಮನೆ ಮನೆಯದನ್ನೂ ತೆರೆದೆ.

ಅವಳ ಫೋನು, ಟಿವಿ, ಅಮ್ಮನ ಟ್ಯಾಬ್. ಇನ್ನೊಂದು ಫೋನು... ಹೆಸರಿಲ್ಲ.

ಪಕ್ಕದ ಮನೆಯವರಿಗೆ ವೈಫೈ ಪಾಸ್‌ವರ್ಡ್ ಕೊಟ್ಟಿದ್ದಾಳೋ ಏನೋ. ಕೊಡುವವಳಲ್ಲ.

ಜೂನ್ 11

ಇವತ್ತೂ ಬಂತು. ಮಧ್ಯಾಹ್ನವೇ. ನಾನು ಆಫೀಸಿನಿಂದ ಹೊರಡುವ ಹೊತ್ತಿಗೆ ಮಾಯ. ಪಕ್ಕದ ಮನೆಯವರದಾದರೆ ಸಂಜೆ, ಭಾನುವಾರ ಎಲ್ಲ ಇರಬೇಕಲ್ಲ? ಹಿಂದಿನ ದಿನಗಳ ಪಟ್ಟಿಯನ್ನೂ ತೆಗೆದು ನೋಡಿದೆ, ನಾನು ಮನೆಯಲ್ಲಿದ್ದಾಗ ಒಂದು ದಿನವೂ ಇಲ್ಲ.

ನನ್ನ ಗೈರುಹಾಜರಿ ನೋಡಿಕೊಂಡು ಬರುವ ಫೋನು. ಚೆನ್ನಾಗಿದೆ.

ಜೂನ್ 17

ಕಣ್ಣಿಟ್ಟು ನೋಡಿದರೆ ಏನೇನೋ ಕಾಣುತ್ತದೆ. ಕಾಫಿ ಲೋಟಗಳು ಮೂರು ತೊಳೆದು ಬೋರಲು ಹಾಕಿವೆ. ಅವಳು ಹಾಡು ಗುನುಗುತ್ತಾಳೆ — ಮದುವೆಯಾದ ಹೊಸದರಲ್ಲಿ ಗುನುಗುತ್ತಿದ್ದಳು, ಆಮೇಲೆ ಇಲ್ಲ. ಅಮ್ಮನ ಕಾಲುಗುರು ನೀಟಾಗಿ ಕತ್ತರಿಸಿದೆ. ಯಾರು ಕತ್ತರಿಸಿದ್ದು ಅಂದೆ.

"ನಾನೇ" ಅಂದಳು.

ಅಮ್ಮನ ಉಗುರು ಕತ್ತರಿಸುವುದೆಂದರೆ ಇವಳಿಗೆ ಜೀವ ಹೋಗುತ್ತದೆ. ಎಲ್ಲಿ ರಕ್ತ ಬರುತ್ತದೋ ಅಂತ ನನಗೇ ಬಿಡುವವಳು. ಅಮ್ಮ ಗೋಡೆ ನೋಡುತ್ತಾ ಮಲಗಿದ್ದಳು. ಅಮ್ಮನೂ ಸೇರಿಕೊಂಡಿದ್ದಾಳಾ?

ಜೂನ್ 18

ಬಾಯಿ ಬಿಟ್ಟು ಕೇಳಿದೆ. ಪೂರ್ತಿ ಬಿಟ್ಟಲ್ಲ. ಚಪ್ಪಲಿ ಬಿಡುತ್ತಾ, "ಇವತ್ತು ಯಾರಾದ್ರೂ ಬಂದಿದ್ರಾ?" ಅಂದೆ.

"ಯಾರು ಬರ್ತಾರೆ ನಮ್ಮನೆಗೆ? ನಿಮ್ಮ ಮುಖ ನೋಡಿ ಕೊರಿಯರಿನವನೂ ಗೇಟಲ್ಲೇ ಇಟ್ಟು ಓಡ್ತಾನೆ."

ಎಷ್ಟು ಸಲೀಸಾಗಿ ಅಂದಳು! ಬೇರೆ ದಿನವಾಗಿದ್ದರೆ ನಗುತ್ತಿದ್ದೆ. ಮಧ್ಯಾಹ್ನ ಪರದೆಯಲ್ಲಿ ಆ ಫೋನನ್ನು ನೋಡಿಯೇ ಮನೆಗೆ ಬಂದಿದ್ದೆ. ಸುಳ್ಳು ಹೇಳುತ್ತಿದ್ದಾಳೆ ಅಂತ ಗೊತ್ತಿದ್ದೂ ಅವಳು ಬಡಿಸಿದ್ದನ್ನು ಉಂಡೆ. ಇವಳಿಲ್ಲದೆ ಬದುಕಿ ನನಗೆ ಗೊತ್ತಿಲ್ಲ.

ಜೂನ್ 21, ಭಾನುವಾರ

ಅಮ್ಮ ಊಟ ಮಾಡುತ್ತಾ, "ದೊಡ್ಡವನಿಗೂ ತಲೆ ಬೆಳ್ಳಗಾಯ್ತು ಕಣೋ" ಅಂದಳು. ಯಾರು ಹೇಳಿದರು ಅಂದೆ. "ವಯಸ್ಸಾಗಿಲ್ವಾ ಅವನಿಗೂ" ಅಂತ ಜಾರಿಕೊಂಡಳು. ಅಣ್ಣನ ವಿಷಯ ಈ ಮನೆಯಲ್ಲಿ ಬೇಡ ಅಂತ ಎಷ್ಟು ಸಲ ಹೇಳಿದ್ದೇನೆ. ಮಂಡಿಯ ಆಪರೇಷನ್ ಮಾಡಿಸೇ ಮಾಡಿಸುತ್ತೇನೆ ಅಂತ ಹಟ ಹಿಡಿದವನು ಅವನು. ಅದಾದ ಮೇಲೆಯೇ ಅಮ್ಮ ಹಾಸಿಗೆ ಹಿಡಿದದ್ದು. ನನ್ನ ಹೊಸಿಲು ತುಳಿಯಬೇಡ ಅಂದಿದ್ದೆ. ತುಳಿದಿಲ್ಲ. ಅಷ್ಟು ಮರ್ಯಾದೆ ಇದೆ ಅವನಿಗೆ.

ನನ್ನ ತಲೆ ತುಂಬ ಆ ಫೋನೇ ಇರುವಾಗ ಇವನ ಬಿಳಿಕೂದಲು ಯಾರಿಗೆ ಬೇಕು.

ಜೂನ್ 29

ಬ್ಲಾಕ್ ಮಾಡಬಹುದು, ಒಂದು ಬಟನ್. ಆದರೆ ಮಾಡಿದರೆ ಎಚ್ಚೆತ್ತುಕೊಳ್ಳುತ್ತಾರೆ. ಅರ್ಧ ದಿನ ರಜೆ ಹಾಕಿ ಹೋಗಿ ಬಾಗಿಲು ಬಡಿಯಬಹುದು. ಬಡಿದರೆ ತೆರೆಯುತ್ತದೆ, ತೆರೆದರೆ ನೋಡಬೇಕು. ಧೈರ್ಯವಿಲ್ಲ. ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತೇನೆ — ಧೈರ್ಯವಿಲ್ಲ.

ಬೇರೆ ಉಪಾಯ ಹೊಳೆದಿದೆ. ನೆಟ್ ಹೋದರೆ ಅವಳು ಯಾವತ್ತೂ ತಡೆಯುವವಳಲ್ಲ, ಬೀದಿಗೆ ಬಂದು ನನಗೆ ಫೋನ್ ಮಾಡಲೇಬೇಕು. ಆ ಫೋನು ಬಂದಾಗ ಇಲ್ಲಿಂದಲೇ ನೆಟ್ ನಿಲ್ಲಿಸುತ್ತೇನೆ. ತಕ್ಷಣ ಕರೆ ಬಂದರೆ ಸರಿ. ಬರದಿದ್ದರೆ, ಅವಳಿಗೆ ನನ್ನನ್ನು ಕರೆಯುವಷ್ಟು ಪುರುಸೊತ್ತಿಲ್ಲ ಅಂತ.

ಜೂನ್ 30, ಮಧ್ಯಾಹ್ನ

ಬಂತು. ನಿಲ್ಲಿಸಿದೆ.

ಜೂನ್ 30, ಸ್ವಲ್ಪ ಹೊತ್ತಿಗೆ

ಕರೆ ಇಲ್ಲ. ಎರಡು ಲಿಫ್ಟಿನ ಕಂಪ್ಲೇಂಟ್ ಬಂದವು, ಅವಳದು ಇಲ್ಲ. ಪಕ್ಕದ ಸೀಟಿನ ಕನ್ನಡಕದವನು "ಏನ್ಸಾರ್, ಫೋನನ್ನ ನುಂಗ್ತೀರೇನೋ ಅನ್ನೋ ಹಾಗೆ ನೋಡ್ತಿದ್ದೀರಿ" ಅಂದ. ಇನ್ನೂ ಇಲ್ಲ. ಗೊತ್ತಾಯಿತು ಬಿಡು. ಆನ್ ಮಾಡುವುದಿಲ್ಲ. ಎಷ್ಟು ಹೊತ್ತು ಸುಮ್ಮನಿರುತ್ತಾಳೋ ನಾನೂ

ಜುಲೈ 9

ಆಸ್ಪತ್ರೆಯಿಂದ ನಿನ್ನೆ ಮನೆಗೆ ಬಂದೆವು. ಈಗ ಬರೆಯಲು ಆಗುತ್ತಿದೆ.

ಆ ದಿನ ಬರೆಯುತ್ತಿದ್ದಾಗಲೇ ಗೊತ್ತಿಲ್ಲದ ನಂಬರಿನಿಂದ ಕರೆ ಬಂತು. ಅಣ್ಣನ ದನಿ. ನಂಬರ್ ಅಳಿಸಿ ಹಾಕಿದ್ದೆನಲ್ಲ. "ಸ್ನಾನಕ್ಕೆ ಅಂತ ಎತ್ತಿ ಕೂರಿಸಿದ್ವಿ, ಅಮ್ಮ ಬಚ್ಚಲಲ್ಲಿ ಬಿದ್ದಿದಾಳೆ. ತಲೆಗೆ ಪೆಟ್ಟಾಗಿದೆ, ಸೊಂಟ ಹಂದಾಡ್ತಿಲ್ಲ. ಆಂಬುಲೆನ್ಸಿಗೆ ಈಗಷ್ಟೇ ಹೇಳಿದೀನಿ. ಒಳಗಿಂದ ಮಾಡಿ ಮಾಡಿ ಸಾಕಾಯ್ತು ಕಣೋ, ಯಾವ ಫೋನೂ ಹೋಗ್ಲಿಲ್ಲ. ನಿನ್ನ ಹೆಂಡ್ತಿ ಅಮ್ಮನ ತಲೆ ಅದುಮಿ ಹಿಡ್ಕೊಂಡು ಕೂತಿದಾಳೆ, ಏಳೋ ಹಾಗಿಲ್ಲ. ನಾನೇ ಬೀದಿಗೆ ಓಡಿ ಬಂದೆ."

ಕನ್ನಡಕದವನ ಎದುರೇ ಅತ್ತೆ. ಅಳುತ್ತಲೇ ನೆಟ್ ಆನ್ ಮಾಡಿದೆ.

ಹೆಸರಿಲ್ಲದ ಫೋನು ಅಣ್ಣನದು. ಅಮ್ಮನೇ ಕರೆಸಿಕೊಳ್ಳುತ್ತಿದ್ದಳಂತೆ. ಚಿಕ್ಕವನಿಗೆ ಹೇಳಬೇಡ ಅಂತ ಸೊಸೆಯಿಂದ ಮಾತು ತೆಗೆದುಕೊಂಡಿದ್ದಳಂತೆ. ಉಗುರು ಕತ್ತರಿಸಿದವನೂ ಅವನೇ. ತಲೆಗೆ ಹೊಲಿಗೆ ಹಾಕಿದ್ದಾರೆ, ಸೊಂಟಕ್ಕೆ ರಾಡು. ಸ್ವಲ್ಪ ಬೇಗ ತಂದಿದ್ದರೆ ಇಷ್ಟು ರಕ್ತ ಹೋಗುತ್ತಿರಲಿಲ್ಲ ಅಂದರು ಡಾಕ್ಟರು. ಅಣ್ಣ ಕೂಡಲೇ, "ನೆಟ್ ಕೈಕೊಡ್ತು ಡಾಕ್ಟ್ರೇ" ಅಂದ. ನಾನು ಗೋಡೆಯ ಮೇಲಿನ ಬೋರ್ಡು ಓದುತ್ತಾ ನಿಂತಿದ್ದೆ.

ಯಾರಿಗೂ ಗೊತ್ತಿಲ್ಲ.

ಜುಲೈ 12

ಅವಳಿಗೆ ಗೊತ್ತಿದೆ.

ಬಟ್ಟೆ ಮಡಚುತ್ತಾ, ತಲೆ ಎತ್ತದೆ ಹೇಳಿದಳು. "ಕನೆಕ್ಷನ್ ನನ್ನ ಹೆಸರಲ್ಲಿದೆ. ನೀವು ಆಫೀಸಿಂದ ತೆರೆದು ನೋಡಿದಾಗೆಲ್ಲ ನನ್ನ ಫೋನಿಗೆ ಮೆಸೇಜ್ ಬರುತ್ತೆ ರೀ."

ಫೋನು ನನ್ನ ಕೈಗೆ ಕೊಟ್ಟಳು. ಒಂದರ ಕೆಳಗೊಂದು ಮೆಸೇಜು, ನಾನು ಕದ್ದು ನೋಡಿದ್ದಕ್ಕೆಲ್ಲ ಸಾಕ್ಷಿ. ಕೊನೆಗೆ, ರಿಮೋಟ್ ಆಕ್ಸೆಸ್ ಮೂಲಕ ಇಂಟರ್ನೆಟ್ ನಿಲ್ಲಿಸಲಾಗಿದೆ ಅಂತ.

"ಇದನ್ನ ನೋಡಿದ್ದು ಆಸ್ಪತ್ರೇಲಿ."

"ನೀನೂ ಸುಳ್ಳು ಹೇಳಿದೆ. ಯಾರೂ ಬಂದಿಲ್ಲ ಅಂದೆ" ಅಂದೆ. ಆ ಹೊತ್ತಿನಲ್ಲೂ ನನ್ನ ನಾಲಿಗೆ ಅದನ್ನೇ ಹುಡುಕಿತು.

"ಹೇಳಿದೆ. ಅತ್ತೆಗೆ ಮಾತು ಕೊಟ್ಟಿದ್ದೆ. ಆದ್ರೆ ನೀವು ನೋಡ್ತಿದ್ದೀರಿ ಅಂತ ಗೊತ್ತಾದ ಮೇಲೆ, ಎದುರಿಗೆ ಕೂರಿಸ್ಕೊಂಡು ಒಂದ್ಸಲ ಸರಿಯಾಗಿ ಕೇಳಿದ್ರೆ ಹೇಳಿಬಿಡೋಣ ಅಂತಿದ್ದೆ. ದಿನಾ ಕಾದೆ. ನೀವು ಚಪ್ಪಲಿ ಬಿಡ್ತಾ ಕೇಳಿದ್ರಿ." ಈಗ ತಲೆ ಎತ್ತಿ, "ಏನಂದ್ಕೊಂಡಿದ್ರಿ ನನ್ನ ಬಗ್ಗೆ?"

ಫೋನನ್ನು ಅವಳ ಪಕ್ಕ ಇಟ್ಟೆ. ಮಡಚಿದ ಬಟ್ಟೆಯನ್ನು ಮತ್ತೆ ಬಿಡಿಸಿ ಮಡಚಿದಳು.

"ಭಾವನಿಗೆ ನಾನು ಹೇಳಿಲ್ಲ. ಅತ್ತೆಗೂ ಹೇಳಿಲ್ಲ. ಹೇಳೋದೂ ಇಲ್ಲ. ಅದು ನಿಮ್ಮ ಕೆಲಸ."

ಜುಲೈ 13, ಬೆಳಿಗ್ಗೆ

ರಿಮೋಟ್ ಆಕ್ಸೆಸ್ ತೆಗೆದೆ. ತೆಗೆದೆ ಅಂತ ಅವಳಿಗೆ ಹೇಳಿದೆ. "ಹ್ಞೂಂ" ಅಂದಳು, ಅಷ್ಟೇ. ಗುನುಗುವುದು ನಿಂತಿದೆ.

ಅಣ್ಣ ಬಂದಿದ್ದಾನೆ. ಮುಂಬಾಗಿಲಿಂದಲೇ. ಚಪ್ಪಲಿ ಬಿಟ್ಟು ನನ್ನ ಮುಖ ನೋಡಿ, ಒಳಗೆ ಬರಲೋ ಬೇಡವೋ ಅಂತ ಒಂದು ಗಳಿಗೆ ನಿಂತ. ಅಮ್ಮನ ಜೀವ ಉಳಿಸಿದವನು. ಬಾ ಅಂದೆ. ಅದೊಂದಕ್ಷರ ಹೇಳುವುದೇ ಇಷ್ಟು ಕಷ್ಟವಾಯಿತು. ಮಿಕ್ಕದ್ದನ್ನು ಹೇಗೆ ಹೇಳುವುದು?

ಹೇಳಿದರೆ ಅವನು ನನ್ನ ಹೊಸಿಲು ಮತ್ತೆ ತುಳಿಯಲಾರ. ಆಪರೇಷನ್ನಿಗೆ ನಾನು ಅವನನ್ನು ದೂರಿದ್ದಕ್ಕಿಂತ ಇದು ಎಷ್ಟೋ ದೊಡ್ಡದು. ಹೇಳದಿದ್ದರೆ, ಅವಳು ಹೀಗೇ ಹ್ಞೂಂ ಅನ್ನುತ್ತಾ ಇದೇ ಮನೆಯಲ್ಲಿರುತ್ತಾಳೆ. ಇವತ್ತೇ ಹೇಳಬೇಕು. ಅಮ್ಮನ ಎದುರೇ, ಇಬ್ಬರಿಗೂ, ಒಟ್ಟಿಗೇ...

ಒಳಗಿಂದ ಕರೆಯುತ್ತಿದ್ದಾನೆ. "ಲೋ, ಬಾರೋ ಇಲ್ಲಿ, ಅಮ್ಮನ್ನ ಎತ್ತಿ ಕೂರಿಸ್ಬೇಕು. ಒಬ್ಬನ ಕೈಲಿ ಆಗಲ್ಲ. ಈ ಕಡೆ ನಾನು ಹಿಡ್ಕೊಂಡಿದೀನಿ, ಆ ಕಡೆ ನೀನು..."

ಬಂದೆ ಅಂದೆ. ಅವಳು ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಾಳೆ. ಎತ್ತಿ ಕೂರಿಸಿದ ಕೂಡಲೇ, ಕೈ ಬಿಡುವ ಮೊದಲೇ ಹೇಳಿಬಿಡುತ್ತೇನೆ, ನೆಟ್ ನಿಲ್ಲಿಸಿದವನು ನಾನೇ ಅಂತ.