ಹೈವೇದಾಗ ಉಳಿದ ಡೀಸೆಲ್

ಪ್ರಿಯಾಂಕಾನ ಅಪ್ಪಾರ,

ಉಳ್ಳಾಗಡ್ಡಿ ಚೀಲ ಗಾಳೆಪ್ಪ ಮಾವನ ಟ್ರ್ಯಾಕ್ಟರಿನ್ಯಾಗ ಹೇರ್ಕೊಂಡು ಗದಗ ಮಾರ್ಕೆಟ್ಟಿಗೆ ಹೊಂಟೇನಿ. ನಿನ್ನಿ ಗಾಡಿ ದಬ್ಬಿ ದಬ್ಬಿ ಸೋತು ಮಲಗಿದ್ರಿ, ಎಬ್ಬಸಲಿಲ್ಲ.

ರೊಟ್ಟಿ ಬುಟ್ಟ್ಯಾಗ ಅದಾವು. ಬದನಿಕಾಯಿ ಪಲ್ಯ ಕಾಸ್ಕೊಂಡು ಉಣ್ರಿ. ಗ್ಯಾಸ್ ಸಣ್ಣಗ ಇಡ್ರಿ, ಅಲ್ಲೂ ಸ್ವಲ್ಪ ಉಳಿತಾಯ ಆಗ್ಲಿ.

ನಮ್ಮ ಹಳೇ ಪಿಕಪ್ಪಿನ ಹಿಂದಿನ ಗಾಲಿ ತಿರಗಸೂ ಹಲ್ಲಿನ ಚಕ್ರ, ಆ ಕ್ರೌನ್ ಪಿನಿಯನ್, ಬದಲಿಸಿದ್ರ ಹೈವೇದಾಗ ಇಂಜಿನ್ ನಿಧಾನ ತಿರಗತೈತಿ, ಡೀಸೆಲ್ ಉಳೀತೈತಿ ಅಂದಿದ್ರಿ. ಖರೆ ಐತಿ. ಖಾಲಿ ಗಾಡಿ ಹೊಡ್ಕೊಂಡು ಹುಬ್ಬಳ್ಳಿತನ ಹೋಗಿ ನೋಡ್ಕೊಂಡೂ ಬಂದ್ರಿ. ಆದ್ರ ಕೊರ್ಲಹಳ್ಳಿ ಹೊಳಿ ದಂಡಿ ಹೊಲದಿಂದ ಮ್ಯಾಲ ಬರೂ ಏರು ಹೈವೇ ಅಲ್ಲಲ್ರಿ. ಮಾಲು ಹೇರಿದ ಗಾಡಿ ಜಗ್ಗೂ ಕಸುವು ಸಾಲದ ನಿನ್ನಿ ಅಲ್ಲೇ ಕುಂತಬಿಡ್ತು. ಎಳ್ಯಾಕ ಬಂದ ಮಾವನ ಟ್ರ್ಯಾಕ್ಟರಿನ್ಯಾಗ ಡೀಸೆಲ್ ತಳಾ ಮುಟ್ಟಿತ್ತು. ನಮ್ಮ ಟ್ಯಾಂಕಿಗೆ ಪೈಪ್ ಹಚ್ಚಿ, ನೀವು ಉಳಿಸಿದ್ದನ್ನೆಲ್ಲಾ ಅದಕ್ಕ ಕುಡಿಸಿದ್ರಿ.

ಸಂಜೀಕ ನಾ ಬಸ್ಸಿಗೆ ಬರ್ತೀನಿ. ಹೆಣ್ಮಕ್ಕಳಿಗೆ ಟಿಕೆಟ್ ಇಲ್ಲ. ಇದಕ್ಕಿಂತ ಚಲೋ ಮೈಲೇಜ್ ಯಾವ ಮಿಸ್ತ್ರಿನೂ ಕೊಡಂಗಿಲ್ಲ.

ಸಿಟ್ಟಿಗೇಳಬ್ಯಾಡ್ರಿ. ಚಹಾ ಕುಡದು, ಹೊಸಾ ಕ್ರೌನ್ ಹಾಕಿದ ಆ ಮಿಸ್ತ್ರಿನ್ನ ಮನೀಗೇ ಕರೀರಿ.

ಹಳೇ ಕ್ರೌನ್ ಗುಜರಿಗೆ ಹಾಕಿಬಿಡು ಅಂದಿದ್ರಿ. ಹಾಕಿಲ್ಲ. ಜೋಳದ ಚೀಲದ ಹಿಂದ ನೋಡ್ರಿ. ನೀವು ಹೊಸಾದು ಕೂಡ್ರಿಸಿದ ದಿನಾನ ಎಣ್ಣಿ ಹಚ್ಚಿ, ನಿಮ್ಮ ಹರಕ ಅಂಗ್ಯಾಗ ಸುತ್ತಿ ಇಟ್ಟೇನಿ.

ಉಡಚವ್ವ