ಎಡಗಡೆಯ ಸ್ಪ್ರಿಂಗು

೧೮ ಮೇ, ಭಾನುವಾರ

ನಮ್ಮ ಮನೆಯ ಯಜಮಾನರಿಗೆ,

ನಾವೆಲ್ಲ ಕ್ಷೇಮ. ಸೇತುವೆ ಕ್ಯಾಂಪಿನಲ್ಲಿ ನೀವೂ ನಿಮ್ಮ ಕ್ರೇನೂ ಸುಖವಾಗಿದ್ದೀರಿ ಎಂದುಕೊಂಡಿದ್ದೇನೆ. ಕಾಗದ ತಡವಾಯಿತು, ಬೇಜಾರು ಮಾಡಿಕೊಳ್ಳಬೇಡಿ. ಫೋನಿದೆಯಲ್ಲ, ಕಾಗದ ಯಾಕೆ ಅಂತೀರಾ? ಫೋನಿನಲ್ಲಿ ಏನು ಕೇಳಿದರೂ ನೀವು ನಗಿಸಿ ಮಾತು ಹಾರಿಸಿಬಿಡುತ್ತೀರಿ. ಕಾಗದದ ಹತ್ತಿರ ಆ ಆಟ ನಡೆಯುವುದಿಲ್ಲ.

ಮೊದಲು ಸಿಹಿ ಸುದ್ದಿ. ನೀವು ತಂದು ಮಂಚದ ಕೆಳಗೆ ತಳ್ಳಿ ಹೋಗಿದ್ದ ಲೆವೆಲಿಂಗ್ ಕಿಟ್ಟನ್ನು ನಿನ್ನೆ ಜೀಪಿಗೆ ಹಾಕಿದೆವು. "ಇದರ ಮೂಗು ಯಾವಾಗ್ಲೂ ನೆಲ ನೋಡುತ್ತೆ" ಎಂದು ಗೊಣಗುತ್ತಿದ್ದಿರಲ್ಲ, ನೀವು ಬರುವಷ್ಟರಲ್ಲಿ ಮುಂಭಾಗ ಎತ್ತಿ ಹಿಂಭಾಗಕ್ಕೆ ಸಮ ಮಾಡಿ ನಿಮ್ಮನ್ನು ಬೆರಗುಗೊಳಿಸೋಣ ಎಂದು ನನ್ನ ಹಂಚಿಕೆ. ಸಹಾಯಕ್ಕೆ ನಿಮ್ಮ ಭಾವಮೈದ ಬಂದ. ಫ್ರಿಜ್ ರಿಪೇರಿಯವನಿಗೆ ಜೀಪಿನ ಕೆಲಸ ಏನು ಗೊತ್ತು ಎಂದು ಮೂಗು ಮುರಿಯಬೇಡಿ. ಎರಡು ವಿಡಿಯೊ ನೋಡಿಕೊಂಡು ಬಂದು, ಜೀಪನ್ನು ಕಂಡುಹಿಡಿದದ್ದೇ ತಾನು ಎನ್ನುವ ಹಾಗೆ ಮಾತಾಡುತ್ತಿದ್ದ.

ಬಿಚ್ಚುವ ಮೊದಲು ಅಳತೆ ತೆಗೆದುಕೊಳ್ಳಬೇಕಂತೆ. ಚಕ್ರದ ನಡುವಿನಿಂದ ಮಡ್‌ಗಾರ್ಡಿನ ಅಂಚಿನವರೆಗೆ ಟೇಪು ಹಿಡಿದ. ಮುಂದಿನ ಎರಡು ಚಕ್ರಗಳಲ್ಲಿ ಬಲಗಡೆಗಿಂತ ಎಡಗಡೆ ಒಂದು ಬೆರಳು ಎತ್ತರ! ಸರಿಯಾಗಿ ಹಿಡಿಯೋ ಎಂದು ಗದರಿದೆ. ಆಮೇಲೆ ನಾನೇ ಹಿಡಿದೆ. ಅದೇ ಒಂದು ಬೆರಳು.

ಜಾಕ್ ಕೊಟ್ಟು, ಸ್ಟ್ಯಾಂಡಿನ ಮೇಲೆ ಕೂರಿಸಿ ಚಕ್ರ ತೆಗೆದೆವು. ಬಲಗಡೆಯ ನಟ್ಟುಗಳು ಜಪ್ಪಯ್ಯ ಅಂದರೂ ಅಲುಗಲಿಲ್ಲ. ಎಣ್ಣೆ ಬಿಟ್ಟು, ಸ್ಪ್ಯಾನರಿಗೆ ಪೈಪು ತೂರಿಸಿ, ಇಬ್ಬರೂ ಜೋತುಬಿದ್ದ ಮೇಲೆ ಕಿರುಗುಟ್ಟುತ್ತಾ ಬಂದವು. ಎಡಗಡೆಯವು ಡಬ್ಬಿಯ ಮುಚ್ಚಳದ ಹಾಗೆ ತಿರುಗಿದವು. ನೋಡಿದರೆ ಸ್ಪ್ರಿಂಗು, ಶಾಕ್ ಅಬ್ಸಾರ್ಬರ್ ಎರಡೂ ಹೊಚ್ಚ ಹೊಸವು.

"ನೋಡಕ್ಕಾ, ಇದನ್ನ ಯಾರೋ ಆಗ್ಲೇ ಬಿಚ್ಚಿದಾರೆ" ಎಂದ ತಮ್ಮ. ಮಡ್‌ಗಾರ್ಡಿನ ಒಳಗೆ ಕೈಯಾಡಿಸಿ, "ಇಲ್ಲಿ ತಗಡು ತಟ್ಟಿ ಬಣ್ಣ ಹೊಡ್ದಿದಾರೆ. ಭಾವ ಎಲ್ಲೋ ಗುದ್ದಿದಾರೆ."

"ಗುದ್ದಿದ್ರೆ ನಂಗೆ ಹೇಳ್ತಿರ್ಲಿಲ್ವೇನೋ?"

"ಹೇಳಿದಾರಾ ಮತ್ತೆ?"

ಸ್ಪ್ಯಾನರನ್ನು ಅವನ ಕೈಗೆ ತುರುಕಿ, ಮೊದಲು ಕೆಲಸ ಮುಗಿಸು ಎಂದೆ.

ಕೆಲಸವೇನೋ ಮುಗಿಯಿತು. ಕಿಟ್ಟಿನ ಎರಡು ದಪ್ಪ ಬಿಲ್ಲೆಗಳನ್ನು ಸ್ಪ್ರಿಂಗುಗಳ ತಲೆಯ ಮೇಲೆ ಕೂರಿಸಿ ಬಿಗಿದೆವು. ಮೂಗು ಮೇಲೆದ್ದಿತು. ಆದರೆ ಎರಡೂ ಬಿಲ್ಲೆ ಒಂದೇ ದಪ್ಪ, ಹಾಗಾಗಿ ಆ ಒಂದು ಬೆರಳಿನ ವ್ಯತ್ಯಾಸ ಹಾಗೇ ಉಳಿಯಿತು. ಜೀಪು ಈಗ ನನ್ನಂತೆಯೇ ತಲೆ ಓರೆ ಮಾಡಿಕೊಂಡು ನಿಂತಿದೆ.

ಅಲ್ಲಿಂದ ತಲೆಯಲ್ಲಿ ಹುಳ ಹೊಕ್ಕಿದೆ. ಕಳೆದ ರಜೆಯಲ್ಲಿ ನೀವು ಮನೆಯಲ್ಲಿದ್ದೀರಿ ಎಂಬ ಧೈರ್ಯದ ಮೇಲೆ ನಾನು ತಂಗಿಯ ಹೆರಿಗೆಗೆ ಹೋದೆ. ನಮ್ಮ ಪಟಾಕಿ ಮಗಳು ಶಾಲೆಗೆ ಹೋದರೆ ಸಂಜೆಯವರೆಗೆ ನೀವೊಬ್ಬರೇ. ನಾನು ಹಿಂದಿರುಗಿದಾಗ ಅಂಗಳದಲ್ಲಿ ಜೀಪಿರಲಿಲ್ಲ. "ಸರ್ವಿಸ್‌ಗೆ ಕೊಟ್ಟಿದೀನಿ" ಎಂದಿರಿ. ಹಣೆಯ ಗಾಯ ಏನೆಂದು ಕೇಳಿದರೆ "ಬಚ್ಚಲಲ್ಲಿ ಜಾರ್ದೆ" ಎಂದಿರಿ. ಆ ಬಚ್ಚಲನ್ನು ನಾನು ಎಷ್ಟು ತಿಕ್ಕಿದ್ದೇನೆ ಗೊತ್ತೇನ್ರೀ! ಆಸೆಪಟ್ಟು ತಂದ ಕಿಟ್ಟನ್ನು ಮುಟ್ಟದೆ ಹೋದದ್ದು ಯಾಕೆಂದು ಈಗ ಅರ್ಥವಾಯಿತು. ನೀವು ಬಿಚ್ಚಿದರೆ ನಾನು ಪಕ್ಕದಲ್ಲೇ ನಿಂತು ನೋಡುತ್ತಿದ್ದೆನಲ್ಲ.

ಗುದ್ದಿದ್ದಕ್ಕೆ ನನಗೆ ಕೋಪವಿಲ್ಲ, ತಗಡು ತಾನೆ. ಆದರೆ ಎಡಗಡೆ ಸೀಟಿನಲ್ಲಿ ಯಾರಿದ್ದರು? ಒಬ್ಬರೇ ಇದ್ದಿದ್ದರೆ ನೀವು ಅದನ್ನೊಂದು ಸಾಹಸದ ಕಥೆ ಮಾಡಿ ಬೀದಿಗೆಲ್ಲ ಹೇಳುತ್ತಿದ್ದಿರಿ. ಮೂಲೆಮನೆಯ ನರ್ಸಮ್ಮನನ್ನು ಆಸ್ಪತ್ರೆಗೆ ಬಿಟ್ಟುಬರುವ ನಿಮ್ಮ ಧರ್ಮಬುದ್ಧಿ ನನಗೆ ಗೊತ್ತಿಲ್ಲ ಎಂದುಕೊಳ್ಳಬೇಡಿ. ಹೊಟ್ಟೆ ಉರಿಯುತ್ತಿದೆ, ಸುಳ್ಳು ಯಾಕೆ ಹೇಳಲಿ.

ಹೊತ್ತಿಗೆ ಸರಿಯಾಗಿ ಉಣ್ಣಿ. ಎತ್ತರದ ಕೆಲಸ, ಹುಷಾರು. ನಿಮ್ಮ ಕೂದಲೂ ಕೊಂಕದಿರಲಿ, ನಿಮ್ಮ ಉತ್ತರದಲ್ಲಿ ನಿಜವಿರಲಿ.

ಸದ್ಯಕ್ಕೆ ನಿಮ್ಮವಳೇ ಆದ,
ಮನೆಯವಳು

ತಾ.ಕ.: ಲಕೋಟೆ ಅಂಟಿಸುವ ಮೊದಲು ಜೀಪನ್ನು ಒಂದು ಸುತ್ತು ಓಡಿಸಿ ನೋಡೋಣ ಎಂದು ಮಗಳನ್ನು ಕರೆದು ಮುಂದಿನ ಬಾಗಿಲು ತೆಗೆದೆ. ಅವಳು ಹತ್ತಲಿಲ್ಲ. "ಹಿಂದೆ ಕೂತ್ಕೋತೀನಮ್ಮಾ" ಎಂದಳು. "ಯಾಕೇ?" ಎಂದದ್ದಷ್ಟೇ, ಬಿಕ್ಕಿ ಬಿಕ್ಕಿ ಅತ್ತಳು. ನೀವು ಶಾಲೆ ತಪ್ಪಿಸಿ ಅವಳನ್ನು ಹಳ್ಳದ ದಾರಿಗೆ ಕರೆದುಕೊಂಡು ಹೋದದ್ದು, ಇಳಿಜಾರಿನಲ್ಲಿ ಜೀಪು ಬಂಡೆಗೆ ಬಡಿದದ್ದು, ಬೆಲ್ಟು ಬಿಗಿದು ಭುಜ ನೀಲಿಗಟ್ಟಿದ್ದು, ಎಲ್ಲ ಹೇಳಿದಳು. ನಾನು ಊರಿಂದ ಬಂದಾಗ ಸೆಖೆಯಲ್ಲೂ ತುಂಬುತೋಳಿನ ಅಂಗಿ ಬಿಡುತ್ತಿರಲಿಲ್ಲ, ತಾನೇ ಸ್ನಾನ ಮಾಡಿಕೊಳ್ಳುತ್ತೇನೆ ಎನ್ನುತ್ತಿದ್ದಳು. ದೊಡ್ಡವಳಾಗುತ್ತಿದ್ದಾಳೆ ಎಂದು ನಾನು ಹಿಗ್ಗಿದ್ದೆ ಕಣ್ರೀ.

ಆ ಸೀಟಿನಲ್ಲಿ ನರ್ಸಮ್ಮ ಇದ್ದಿದ್ದರೆ ನಿಮ್ಮ ಮೇಲೆ ಹಾರಾಡಿ ಹಗುರಾಗುತ್ತಿದ್ದೆ. ಇದಕ್ಕೆ ಏನು ಮಾಡಲಿ? ಬಾಯಲ್ಲಿ ಒಂದು ಮಾತು ನಿಲ್ಲದ ಹುಡುಗಿ, "ಅಮ್ಮಂಗೆ ಹೇಳ್ಬೇಡ" ಎಂದು ನೀವು ಹೇಳಿದ್ದನ್ನು ಇಷ್ಟು ತಿಂಗಳು ಒಬ್ಬಳೇ ಹೊತ್ತುಕೊಂಡು ನನ್ನ ಪಕ್ಕದಲ್ಲೇ ಮಲಗಿದ್ದಾಳೆ. ಕಣ್ಣೊರೆಸಿಕೊಂಡ ಮೇಲೆ ನನ್ನ ಕೈ ಹಿಡಿದು, "ನಾನು ಹೇಳ್ದೆ ಅಂತ ಅಪ್ಪಂಗೆ ಬರೀಬೇಡ, ಆಣೆ ಮಾಡು" ಎಂದಳು.

ನಾನು ಆಣೆ ಮಾಡಲಿಲ್ಲ. ಅವಳನ್ನು ಏನೂ ಅನ್ನಬೇಡಿ.