ಬಾಡಿನ ಗಡಿಯಾರ

ವೀರನಹೊಸಹಳ್ಳಿ
23-9-1998

ಭೇರ್ಯದ ನನ್ನ ಅವ್ವನಿಗೆ, ಹೊಟ್ಟೆ ಮುಂದಾಗಿ ತಾನು ಹಿಂದಾಗಿ ಮಧುಶ್ರೀ ಮಾಡುವ ನಮಸ್ಕಾರ.

ನಿನ್ನ ಕಾಗದ ಬಂತು. 'ಗಂಡಸ್ರು ಉಂಡ ಮ್ಯಾಲೆ ಬಸುರಿಗೆ ಇಕ್ಕೋ ಮನೇಲಿ ನನ್ ಮಗಳು ಇರೋದು ಬ್ಯಾಡ, ಭಾನುವಾರ ನಿಮ್ಮಣ್ಣ ಕಾಂತರಾಜುನ ಕಳಿಸ್ತೀನಿ' ಎಂದಿದ್ದೀಯ. ಅಣ್ಣ ಬರಲಿ. ಆದರೆ ನನ್ನನ್ನು ಕರೆದೊಯ್ಯುವುದು ಬೇಡ.

ನಾನು ಬರೆದಿದ್ದ ದೂರಿನಲ್ಲಿ ಅರ್ಧ ನಿಜ. ಇದು ಹೊಗೆಸೊಪ್ಪು ಬೇಯಿಸುವ ಕಾಲ. ಸೊಪ್ಪು ಬೇಯುವ ಬ್ಯಾರನ್ನಿನ ಉರಿ ನೋಡಿಕೊಂಡು ನಿನ್ನ ಅಳಿಯ ಧರ್ಮೇಂದ್ರ, ಮಾವ ಮಂಟಯ್ಯನವರು ಉಣ್ಣಲು ಬರುವಾಗ ಹತ್ತು ಗಂಟೆ. ಅವರು ಉಣ್ಣದೆ ಅತ್ತೆ ಸೋಮಮ್ಮ ಮೂವತ್ತು ವರ್ಷದಿಂದ ಮುದ್ದೆ ಮುರಿದವರಲ್ಲ. ನಾನೂ ಕಾದೆ. ಒಲೆಯ ಮೇಲಿನ ಎಸರಿಗಿಂತ ಹೆಚ್ಚಾಗಿ ಕಾದೆ.

ಹೋದ ತಿಂಗಳು ಹುಣಸೂರಿನ ಡಾಕ್ಟರಮ್ಮ ಹುಬ್ಬು ಗಂಟಿಕ್ಕಿದರು. ನನ್ನ ತೂಕ ಏರಿಲ್ಲ, ಮಗು ಬೆಳೆದದ್ದು ಸಾಲದು, ಬಾಡಿ ಕ್ಲಾಕ್ ಕೆಟ್ಟಿದೆ, ರಾತ್ರಿಯೂಟ ಏಳರೊಳಗೆ ಆಗಲೇಬೇಕು ಎಂದರು. ಜೊತೆಗಿದ್ದ ಅತ್ತೆಗೆ ಕೇಳಿಸಿದ್ದು 'ಬಾಡಿನ ಕ್ಲಾಕು'. ಅಲ್ಲಿಂದಲೇ ಅರ್ಧ ಕೆ.ಜಿ. ಕುರಿ ಬಾಡು ಕಟ್ಟಿಸಿ ತಂದು, ಸಂಜೆ ಆರೂವರೆಗೆ ತಟ್ಟೆ ಮುಂದಿಟ್ಟರು. 'ಬಾಡಿಗೂ ಟೈಮ್ ಐತಂತೆ ಕಣವ್ವ, ಉಣ್ಣು.' ನಾನು ತಿದ್ದಲಿಲ್ಲ. ಎಷ್ಟು ಬಿ.ಎ. ಓದಿದರೂ ಬಾಡು ಬಿಟ್ಟು ವ್ಯಾಕರಣ ಹಿಡಿಯುವಷ್ಟು ಕೆಟ್ಟಿಲ್ಲ ನಾನು!

ಮಾರನೆಯ ದಿನ ಬಾಡು ಹೋಗಿ ಉಪ್ಸಾರು ಬಂತು. ಆರೂವರೆ ಮಾತ್ರ ತಪ್ಪಲಿಲ್ಲ. ನಾನೊಬ್ಬಳೇ ಉಂಡರೆ ಮೈಗೆ ಹತ್ತಾಕಿಲ್ಲ ಎಂದು ಅತ್ತೆಯೂ ಪಕ್ಕದಲ್ಲಿ ಕೂತರು. ಬೆಂಕಿಪೊಟ್ಟಣಕ್ಕೆಂದು ಬ್ಯಾರನ್ನಿನಿಂದ ಬಂದ ಮಾವ ನೋಡಿ ಗೊಣಗಿದರು: 'ಗಂಡಸ್ರಿಗಿಂತ ಮುಂಚೆ ಎಂಗಸ್ರು ಉಂಡಾರಾ?' ಅತ್ತೆ ತುತ್ತು ಕೆಳಗಿಡಲಿಲ್ಲ. 'ಒಗೆಸೊಪ್ಪಿಗೆ ಒತ್ತೊತ್ತಿಗೆ ಸೌದೆ ಆಕ್ತೀರಿ. ನನ್ ಸೊಸೆ ಒಟ್ಟೇಲಿರೋದು ಅದಕ್ಕಿಂತ ಕಡಿಮೇನಾ? ಪಾತ್ರೇಲೈತೆ, ಬಡಿಸ್ಕೊಳಿ.'

ಈಗ ಮಾವನ ಕೈಯಲ್ಲೇ ಸೌಟು. ಅತ್ತೆ ಈ ಮನೆಗೆ ಬಂದ ಮೇಲೆ ಬಿಸಿ ಮುದ್ದೆ ಉಂಡದ್ದು ಇದೇ ಮೊದಲಂತೆ.

ಮೊನ್ನೆ ಆಸ್ಪತ್ರೆಯಲ್ಲಿ ತೂಗಿದರೆ ಎರಡು ಕಿಲೋ ಏರಿದ್ದೇನೆ! ಮಗುವೂ ಚೆನ್ನಾಗಿದೆ. ಅತ್ತೆ ಬಸ್ಸಿನ ತುಂಬ ಹೇಳಿಕೊಂಡು ಬೀಗಿದರು. ನಾನು ಬೀಗಿದ್ದು ಅವರನ್ನು ನೋಡಿ. ಹೊತ್ತಿಗೆ ಓದಿ ಪದವಿ ಪಡೆದವಳು ಹೊತ್ತಿಗೆ ಉಣ್ಣಲು ಕಲಿತದ್ದು ಅಕ್ಷರ ಬಾರದ ಈಕೆಯಿಂದ ಕಣವ್ವ. ಒಂಬತ್ತು ತಿಂಗಳಿಗೆ ಬಿದ್ದ ಮೇಲೆ ಹೆರಿಗೆಗೆ ಬರುತ್ತೇನೆ.

ಇಬ್ಬರ ಹಸಿವಿನ ಒಬ್ಬಳೇ ಮಗಳು,
ಮಧುಶ್ರೀ

ತಾ.ಕ.: ದೂರಿನ ಉಳಿದರ್ಧ ಸುಳ್ಳು. ಅತ್ತೆ ನನ್ನನ್ನು ಕಾಯಿಸಲಿಲ್ಲ. 'ನೀನು ಮೊದ್ಲು ಉಣ್ಣು' ಎಂದು ಬಸುರಿಯಾದ ದಿನವೇ ಹೇಳಿದ್ದರು. ಕಾದವಳು ನಾನೇ. ಅಪ್ಪನಿಗಿಂತ ಮೊದಲು ನೀನು ಉಂಡದ್ದನ್ನು ಒಂದು ದಿನವೂ ನೋಡಿರಲಿಲ್ಲವಲ್ಲ. ಭಾನುವಾರ ಅಣ್ಣನ ಜೊತೆ ನೀನೂ ಬಾ. ಆರೂವರೆಗೆ ನಿನಗೂ ತಟ್ಟೆ ಹಾಕಿರುತ್ತೇವೆ.